ಹದಿಮೂರನೆಯ ಬೀಗ

“ಹನ್ನೆರಡು ಇದ್ದದ್ದು ಹದಿಮೂರು ಹೇಗಾಯ್ತು?”

ಗುಮಾಸ್ತ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಹೊಲದ ನಡುವೆ ಉದ್ದಕ್ಕೆ ಮಲಗಿದ ಒಂದು ತಗಡಿನ ಶೆಡ್ಡು, ಅದರ ಸಾಲು ಬಾಗಿಲುಗಳು, ಬಾಗಿಲಿಗೊಂದರಂತೆ ಜೋತುಬಿದ್ದ ಬೀಗಗಳು. ಶೆಡ್ಡು ಉತ್ತರ ಕೊಡಲಿಲ್ಲ. ಅವನು ಮತ್ತೆ ಆ ತುದಿಗೆ ಹೋದ. ಈ ಸಲ ಒಂದೊಂದು ಬೀಗವನ್ನೂ ಬೆರಳಿನಿಂದ ಮುಟ್ಟಿ, ಜಪ ಮಾಡುವವನ ಹಾಗೆ ತುಟಿಯಲ್ಲೇ ಎಣಿಸುತ್ತ ಬಂದ. ಕೊನೆಯದನ್ನು ಮುಟ್ಟಿದಾಗ ಬೆರಳಿಗೆ ಗುರುತು ಸಿಕ್ಕಿತು. ಅಂಚು ಸವೆದ ಹಿತ್ತಾಳೆಯ ಬೀಗ. ಅದರ ಕೀಲಿ ಅವನ ಅಂಗಿಯ ಜೇಬಿನಲ್ಲೇ ಇತ್ತು.

ಒಂದು ಬೀಗ ಹೆಚ್ಚಾದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಕೇಳಬಹುದು. ಆಕಾಶ ಬೀಳುವುದಿಲ್ಲ, ಶೆಡ್ಡು ಬೀಳುತ್ತದೆ. ಹಾಗೆಂದು ನಿಯಮ ಬರೆದವನು ಇವನೇ.

ಅವನ ಕೆಲಸ ಭೂಬಳಕೆ ಕಚೇರಿಯಲ್ಲಿ. ಯಾವ ನೆಲದ ಮೇಲೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳುವ ಕಚೇರಿ ಅದು. ನಿಯಮ ಮಾಡುವುದು ಸಮಿತಿ, ಸಹಿ ಹಾಕುವುದು ಸಾಹೇಬರು. ಮೊದಲ ಕರಡು ಬರೆಯುವುದು ಮಾತ್ರ ಗುಮಾಸ್ತ. ಇಪ್ಪತ್ತಾರು ವರ್ಷಗಳಿಂದ ಅವನು ಬರೆದ ಸಾಲುಗಳ ಪ್ರಕಾರವೇ ಆ ಸುತ್ತಿನ ಹೊಲಗಳಲ್ಲಿ ಗೋಡೆಗಳು ಏಳುತ್ತಿದ್ದವು, ಬೀಳುತ್ತಿದ್ದವು. ಅವನ ಹೆಸರು ಯಾವ ಕಾಗದದ ಮೇಲೂ ಇರಲಿಲ್ಲ. ಅದಕ್ಕಾಗಿ ಅವನಿಗೆ ಬೇಸರವೂ ಇರಲಿಲ್ಲ. ಅಡಿಗೆ ಚೆನ್ನಾಗಿದ್ದರೆ ಸೌದೆಯ ಹೆಸರು ಕೇಳುವವರುಂಟೆ?

ಶೆಡ್ಡು ಮೊದಲು ಕೋಳಿಗಳದು. ಒಂದು ವರ್ಷ ರೋಗ ಬಂದು ಹತ್ತು ದಿನದೊಳಗೆ ಕೋಳಿಗಳೆಲ್ಲ ಹೋದವು. ಶೆಡ್ಡಿನ ಒಡತಿ, ಎಲ್ಲರ ಬಾಯಲ್ಲೂ ಶೆಡ್ಡಕ್ಕ, ಮತ್ತೆ ಕೋಳಿ ತರಲಿಲ್ಲ. ಜೀವ ಇರುವುದನ್ನು ಸಾಕಿದ್ದು ಸಾಕು, ಜೀವ ಇಲ್ಲದ್ದನ್ನು ಸಾಕುತ್ತೇನೆ ಎಂದು ಒಳಗೆ ಇಟ್ಟಿಗೆಯ ಅಡ್ಡಗೋಡೆ ಎತ್ತಿಸಿ, ತಗಡಿನ ಬಾಗಿಲು ಹಾಕಿಸಿ, ಮನೆಯಲ್ಲಿ ಹಿಡಿಸದ ಸಾಮಾನು ಇಡಲು ಊರವರಿಗೆ ಬಾಡಿಗೆಗೆ ಕೊಟ್ಟಳು. ಬೀಗ ಅವರವರದು, ಕೀಲಿ ಅವರವರದು. ಒಳಗೆ ಏನಿದೆ ಎಂದು ಅವಳು ಕೇಳುತ್ತಿರಲಿಲ್ಲ. ಕೋಳಿಗಳು ರಾತ್ರಿಯೆಲ್ಲ ಗಲಾಟೆ ಮಾಡುತ್ತಿದ್ದವು, ಹಳೆ ಮಂಚಗಳು ಮಾಡುವುದಿಲ್ಲ ಎಂಬುದೊಂದೇ ಅವಳು ಕಂಡ ವ್ಯತ್ಯಾಸ. ಮಳೆ ಬಂದ ದಿನ ಈಗಲೂ ಗೋಡೆಗಳಿಂದ ಕೋಳಿಯ ವಾಸನೆ ಏಳುತ್ತಿತ್ತು.

ಸಾಲಿನ ಕೊನೆಯದು ಹಿಂದೆ ಮೊಟ್ಟೆ ಇಡುತ್ತಿದ್ದ ಕೋಣೆ. ಮಿಕ್ಕವಕ್ಕಿಂತ ಚಿಕ್ಕದು, ಆದರೆ ಹೊಲದ ಕಡೆಗೆ ಒಂದು ಸಣ್ಣ ಕಿಟಕಿ. ಅದನ್ನು ಗುಮಾಸ್ತ ಹಿಡಿದಿದ್ದ. ಅದರೊಳಗೆ ಅವನು ಇಟ್ಟಿದ್ದ ಸಾಮಾನು ಒಂದೇ ಒಂದು, ಮರದ ಕುರ್ಚಿ.

ಅವನ ತಂದೆ ದರ್ಜಿ. ಹೊಲಿಗೆ ಯಂತ್ರ ತುಳಿಯುತ್ತ ಪದ್ಯ ಹೇಳುವುದು ಅವರ ಅಭ್ಯಾಸ. ಕಾಲಿನ ತುಳಿತವೇ ತಾಳ. ಸಾಲು ಮುಗಿಯುವ ಕಡೆ ಹೊಲಿಗೆಯೂ ನಿಲ್ಲುತ್ತಿತ್ತು, ಹಾಗಾಗಿ ಅವರು ಹೊಲಿದ ಅಂಗಿಗಳಲ್ಲಿ ಪದ್ಯದ ಲೆಕ್ಕ ಇದೆ ಎಂದು ಬಲ್ಲವರು ನಗುತ್ತಿದ್ದರು. ತಾಯಿಯೊಬ್ಬಳು ಕಳೆದುಹೋದ ಮಗನನ್ನು ಹುಡುಕಿ ಏಳು ಊರುಗಳ ಏಳು ಬಾಗಿಲು ದಾಟುವ ಒಂದು ನೀಳ ಪದ್ಯಕಥೆ ಅವರಿಗೆ ಅವರ ತಂದೆಯ ಬಾಯಿಂದ ಬಂದದ್ದು. ಅದನ್ನು ಅವರು ಗಿರಾಕಿಗಳ ಅಳತೆ ಪುಸ್ತಕದಲ್ಲಿ, ಅಳತೆಗಳ ಹಿಂಬದಿಯ ಹಾಳೆಗಳ ಮೇಲೆ ಬರೆದಿಟ್ಟಿದ್ದರು. ಶಾಯಿ ಇಳಿದು ತಾಯಿ ಅಳುವ ಜಾಗದಲ್ಲಿ ಯಾರದೋ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು ಎಂದು ಉಲ್ಟಾ ಕಾಣುತ್ತಿತ್ತು. ಓದಿದವನಿಗೆ ಅರ್ಧ ಪುಣ್ಯ, ಕೇಳಿದವನಿಗೆ ಮುಕ್ಕಾಲು ಎಂದು ಅವರು ಹೇಳುತ್ತಿದ್ದರು. ಆ ಹೆಚ್ಚಿನ ಕಾಲು ಭಾಗ ಎಲ್ಲಿಂದ ಬಂತೆಂದು ಮಗ ಕೇಳಲಿಲ್ಲ, ತಂದೆ ಹೇಳಲಿಲ್ಲ. ಮಗ ಕೇಳಿದ್ದು ಪದ್ಯ ಮಾತ್ರ. ಯಂತ್ರದ ಪಕ್ಕ ಚಿಂದಿ ಬಟ್ಟೆಯ ರಾಶಿಯ ಮೇಲೆ ಕೂತು ಹದಿನೆಂಟು ವರ್ಷ ಕೇಳಿದ.

ತಂದೆ ಹೋದ ಮೇಲೆ ಪುಸ್ತಕ ಅವನ ಪಾಲಿಗೆ ಬಂತು. ಆದರೆ ಆ ಪದ್ಯ ಗಟ್ಟಿಯಾಗಿ ಓದಿದರೆ ಮಾತ್ರ ಪದ್ಯ. ಅವನ ಮನೆಯಲ್ಲಿ ಗಟ್ಟಿಯಾಗಿ ಓದಲು ಜಾಗವಿರಲಿಲ್ಲ. ಮನೆಗೆ ಎರಡೇ ಕೋಣೆ, ಒಂದು ನಡುಮನೆ. ಒಂದು ಕೋಣೆಯಲ್ಲಿ ಮಗಳು ನರ್ಸಿಂಗ್ ಪರೀಕ್ಷೆಗೆ ಓದುತ್ತಿದ್ದಳು. ಇನ್ನೊಂದರಲ್ಲಿ ರಾತ್ರಿ ಪಾಳಿಯ ಕಾವಲು ಮುಗಿಸಿ ಬಂದ ಮಾವ ಹಗಲೆಲ್ಲ ಮಲಗುತ್ತಿದ್ದರು. ನಡುಮನೆಯಲ್ಲಿ ಹೆಂಡತಿ ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮೂವರ ಕಾರಣವೂ ನ್ಯಾಯವಾದದ್ದೇ. ಒಮ್ಮೆ ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಶುರುಮಾಡಿದ. ಎರಡನೆಯ ಊರಿನ ಬಾಗಿಲಿಗೆ ಬರುವಷ್ಟರಲ್ಲಿ ಮೂರು ಕಡೆಯಿಂದಲೂ ಗೋಡೆ ತಟ್ಟಿದ ಸದ್ದು ಬಂತು. ಮನಸ್ಸಿನಲ್ಲೇ ಓದಿಕೊಳ್ಳಿ ಎಂದು ಹೆಂಡತಿ ಹೇಳಿದಳು. ಮನಸ್ಸಿನಲ್ಲಿ ಉಂಡರೆ ಹೊಟ್ಟೆ ತುಂಬುತ್ತದೆಯೇ ಎಂದು ಅವನಿಗೆ ಅನ್ನಿಸಿತು, ಅನ್ನಲಿಲ್ಲ. ಕೊನೆಗೆ ಹೆಂಡತಿಯೇ ಶೆಡ್ಡಿನ ಸುದ್ದಿ ತಂದಳು. ಜನ ತೊಟ್ಟಿಲನ್ನೂ ಕಪಾಟನ್ನೂ ಇಡುತ್ತಾರಂತೆ, ನೀವು ನಿಮ್ಮ ಗಂಟಲು ಇಟ್ಟುಕೊಳ್ಳಿ ಎಂದಳು.

ಹೀಗೆ ನಾಲ್ಕು ವರ್ಷದಿಂದ ಪ್ರತಿ ಶನಿವಾರ, ಕಚೇರಿ ಅರ್ಧ ದಿನಕ್ಕೆ ಮುಚ್ಚಿದ ಮೇಲೆ, ಅವನು ಬಸ್ಸು ಹಿಡಿದು ಬಂದು, ಬೀಗ ತೆಗೆದು, ಕುರ್ಚಿಯಲ್ಲಿ ಕೂತು ಎರಡರಿಂದ ಮೂರು ಗಂಟೆಯವರೆಗೆ ಓದಿ, ಬೀಗ ಹಾಕಿಕೊಂಡು ಹೋಗುತ್ತಿದ್ದ. ವಾರದ ಮಿಕ್ಕ ಗಂಟೆಗಳೆಲ್ಲ ಯಾರ ಯಾರದೋ. ಇದೊಂದು ಅವನದು.

ನಡುವೆ ದೊಡ್ಡ ಪಟ್ಟಣದ ಕಂಪನಿಗಳ ಕಣ್ಣು ಹೊಲಗಳ ಮೇಲೆ ಬಿತ್ತು. ಒಂದೊಂದೂ ನಾನೂರು ಬಾಗಿಲಿನ ಸಾಮಾನು ಗೋದಾಮು ಕಟ್ಟುತ್ತೇವೆಂದು ಅರ್ಜಿ ಹಾಕಿದವು. ಜೋಳ ಬೆಳೆಯುವ ನೆಲದಲ್ಲಿ ಹಳೆ ಸೋಫಾ ಬೆಳೆಯುವುದೇ ಎಂದು ರೈತರು ಸಮಿತಿಯ ಮುಂದೆ ಕೂಗಾಡಿದರು. ಸಮಿತಿಯವರು ಗಾಬರಿಯಾಗಿ, ಕೃಷಿ ಭೂಮಿಯಲ್ಲಿ ಸಾಮಾನು ಕೊಠಡಿಗಳೇ ಬೇಡ, ಎಲ್ಲ ನಿಷೇಧಿಸಿ ಕರಡು ಬರೆಯಿರಿ ಎಂದು ಹೇಳಿಕಳಿಸಿದರು.

ಗುಮಾಸ್ತನಿಗೆ ಅಂದು ಊಟ ಸೇರಲಿಲ್ಲ. ಹೆಬ್ಬಾವಿಗೆ ಹಾಕಿದ ಬಲೆಯಲ್ಲಿ ಎರೆಹುಳ ಸಿಕ್ಕುವ ಹಾಗಾಗಬಾರದು ಎಂದು ತಡವರಿಸುತ್ತ ಸಾಹೇಬರಿಗೆ ಹೇಳಿದ. ಚಿಕ್ಕವರನ್ನು ಉಳಿಸಿ ದೊಡ್ಡವರನ್ನು ತಡೆಯಲು ಒಂದು ಮಿತಿ ಇಡಬಹುದು, ಇಂತಿಷ್ಟು ಕೊಠಡಿಯವರೆಗೆ ಅಡ್ಡಿಯಿಲ್ಲ, ಮೀರಿದರೆ ವ್ಯಾಪಾರ. ಸಾಹೇಬರು ಒಪ್ಪಿದರು. ಎಷ್ಟು ಕೊಠಡಿ ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದ.

ನೋಡಲು ಅವನಿಗೆ ಬೇರೆ ಜಾಗ ಯಾವುದಿದೆ? ಶನಿವಾರ ಎಂದಿನಂತೆ ಬಂದ. ಬೀಗ ತೆಗೆದು ಜೇಬಿಗೆ ಹಾಕಿಕೊಂಡ, ಒಂದು ಗಂಟೆ ಓದಿದ. ಓದಿ ಮುಗಿಸಿ, ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿ, ತನ್ನ ಬಾಗಿಲಲ್ಲೇ ನಿಂತು ಸಾಲಿನುದ್ದಕ್ಕೂ ಬೀಗಗಳನ್ನು ಎಣಿಸಿದ. ಹನ್ನೆರಡು. ಸೋಮವಾರ ಕರಡಿನಲ್ಲಿ ಹನ್ನೆರಡು ಎಂದು ಬರೆದ. ಬಾಡಿಗೆಗೆ ಕೊಟ್ಟ ಕೋಣೆಯ ಒಳಹೊಕ್ಕು ನೋಡಲು ತನಿಖೆಯವರಿಗೆ ಅಧಿಕಾರವಿಲ್ಲವಲ್ಲ, ಅದಕ್ಕೆಂದೇ ಇನ್ನೊಂದು ಸಾಲನ್ನೂ ಸೇರಿಸಿದ: ಒಂದು ಬೀಗದ ಅಧೀನದಲ್ಲಿರುವ ಸ್ಥಳವೇ ಒಂದು ಕೊಠಡಿ. ಹೊರಗೆ ನಿಂತು ಬೀಗ ಎಣಿಸಿದರೆ ಕೊಠಡಿ ಎಣಿಸಿದಂತೆಯೇ. ಸಾಲು ಸೊಗಸಾಗಿದೆ ಎಂದು ಸಾಹೇಬರೇ ಹೊಗಳಿದರು. ಹನ್ನೆರಡೇ ಯಾಕೆ ಎಂದು ಸಮಿತಿಯಲ್ಲಿ ಯಾರೋ ಕೇಳಿದರಂತೆ. ಹತ್ತು ಕಡಿಮೆ, ಹದಿನೈದು ಹೆಚ್ಚು ಎಂದು ಇನ್ಯಾರೋ ಉತ್ತರ ಕೊಟ್ಟರಂತೆ. ಅಷ್ಟರಲ್ಲಿ ಚಹಾ ಬಂತು, ನಿಯಮ ಪಾಸಾಯಿತು.

ಅದು ಜಾರಿಗೆ ಬಂದ ವಾರವೇ, ಬಸ್ಸು ಬೇಗ ಬಂದದ್ದರಿಂದ ಓದುವ ಹೊತ್ತಿಗೆ ಮೊದಲೇ ಬಂದು, ಹೊಲದ ದಾರಿಯಲ್ಲಿ ನಿಂತು, ತಾನು ಉಳಿಸಿದ ಶೆಡ್ಡನ್ನು ಒಂದು ಸಲ ಕಣ್ತುಂಬ ನೋಡೋಣವೆಂದು ಎಣಿಸಿದ. ಆಗ ಅವನ ಬಾಗಿಲೂ ಮುಚ್ಚಿತ್ತು.

ಅವನು ವಿಷಯ ಹೇಳಿದಾಗ ಶೆಡ್ಡಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಹದಿಮೂರಾದರೆ ಹದಿಮೂರನೆಯದನ್ನಷ್ಟೇ ಮುಚ್ಚಿಸುತ್ತಾರಾ ಎಂದು ಕೇಳಿದಳು. ಅಲ್ಲ, ಮಿತಿ ಮೀರಿದರೆ ಇಡೀ ಶೆಡ್ಡೇ ವ್ಯಾಪಾರವಾಗುತ್ತದೆ, ಲೈಸೆನ್ಸ್ ರದ್ದು, ಮೂವತ್ತು ದಿನದಲ್ಲಿ ಎಲ್ಲ ಖಾಲಿ ಮಾಡಬೇಕು ಎಂದ. ಹಾಗಂತ ಬರೆದದ್ದು ಯಾರು ಎಂದಳು. ನಾನೇ ಎಂದ. ಅವಳು ಇನ್ನೊಂದು ಕಾಯಿ ಬಿಡಿಸಿದಳು.

ನಿಯಮ ತಿದ್ದಿಸಬಹುದಲ್ಲ ಎಂಬುದು ಅವಳ ಮುಂದಿನ ಪ್ರಶ್ನೆ. ಒಂದು ಅಂಕಿ ತಿದ್ದಬೇಕಾದರೂ ಮೂರು ಸಭೆ, ತೊಂಬತ್ತು ದಿನದ ಆಕ್ಷೇಪಣೆ, ಮತ್ತೆ ಎರಡು ಸಭೆ. ಒಂದೂವರೆ ವರ್ಷ. ಅದೂ ಅಲ್ಲದೆ ತಿದ್ದುಪಡಿ ಯಾಕೆ ಎಂದು ಕೇಳಿದರೆ, ಎಣಿಸುವಾಗ ನನ್ನ ಬೀಗ ನನ್ನ ಜೇಬಿನಲ್ಲಿತ್ತು ಎಂದು ಹೇಳಬೇಕು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಾಳೆ ಪೇಟೆಯಲ್ಲೆಲ್ಲ ಆಡಿಕೊಳ್ಳುತ್ತಾರೆ. ತನಿಖೆಯೋ ಎರಡು ತಿಂಗಳೊಳಗೆ ಯಾವ ದಿನವಾದರೂ ಬರಬಹುದು.

“ನಾನು ಬಿಟ್ಟುಬಿಡ್ತೀನಿ ಅಕ್ಕ,” ಅಂದ. “ಒಂದು ಕುರ್ಚಿ ತಾನೆ.”

ಹೇಳಿದ್ದು ಸಣ್ಣ ದನಿಯಲ್ಲಿ. ಆದರೂ ಶೆಡ್ಡಕ್ಕನ ಕೈ ಆಗ ನಿಂತಿತು. ಅವಳು ಅವನ ಮುಖ ನೋಡಿದಳು, ಮೊಟ್ಟೆ ಕೋಣೆಯ ಬಾಗಿಲು ನೋಡಿದಳು.

“ನಿಮ್ಮ ನಿಯಮದಲ್ಲಿ ಎಣಿಸೋದು ಏನನ್ನ? ಕುರ್ಚಿನಾ, ಬೀಗನಾ?”

“ಬೀಗಾನ.”

“ಹಾಗಾದ್ರೆ ಬೀಗ ತೆಗೀರಿ. ಕುರ್ಚಿ ಅದರ ಪಾಡಿಗೆ ಅದು ಇರ್ಲಿ.”

ಇಪ್ಪತ್ತಾರು ವರ್ಷ ನಿಯಮ ಬರೆದವನಿಗೆ ಇದು ಹೊಳೆದಿರಲಿಲ್ಲ. ಅವನು ಅಲ್ಲೇ ನಿಂತು, ತಾನು ಬರೆದ ಸಾಲನ್ನು ಮೊದಲಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಮನಸ್ಸಿನಲ್ಲೇ ಓದಿದ. ಬೀಗವಿಲ್ಲದ್ದು ಕೊಠಡಿಯಲ್ಲ. ಕೊಠಡಿಯಲ್ಲದ್ದನ್ನು ಯಾರೂ ಎಣಿಸುವಂತಿಲ್ಲ. ಹೋಗಿ ಬೀಗ ತೆಗೆದು ಚೀಲಕ್ಕೆ ಹಾಕಿಕೊಂಡ. ಕೊಠಡಿಯಲ್ಲದ್ದಕ್ಕೆ ಬಾಡಿಗೆ ಎಂಥದ್ದು ಎಂದು ಶೆಡ್ಡಕ್ಕ ಆ ತಿಂಗಳಿಂದ ಅವನ ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಅವನು ನೆಮ್ಮದಿಯಿಂದ ಮನೆಗೆ ಹೋದ. ಸಾಮಾನಿನ ಗುಣ ಅವನಿಗೆ ಆಗ ಗೊತ್ತಿರಲಿಲ್ಲ. ಕೆರೆಯ ನೀರು ತಗ್ಗು ಹುಡುಕುವ ಹಾಗೆ ಸಾಮಾನು ಖಾಲಿ ಜಾಗ ಹುಡುಕುತ್ತದೆ.

ಮುಂದಿನ ಶನಿವಾರ ಕುರ್ಚಿಯ ಪಕ್ಕದಲ್ಲಿ ಒಂದು ಏಣಿ ಇತ್ತು. ನಾಲ್ಕನೆಯ ಕೋಣೆಯವನದು. ಸಭೆ ಸಮಾರಂಭಗಳಿಗೆ ಕುರ್ಚಿ, ಮೇಜು, ಬಟ್ಟೆ ಚಪ್ಪರ ಬಾಡಿಗೆಗೆ ಕೊಡುವ ಕಸುಬು ಅವನದು, ಎಲ್ಲರೂ ಕುರ್ಚಿಯವನು ಎಂದೇ ಕರೆಯುತ್ತಿದ್ದರು. ಎರಡು ದಿನದ ಮಟ್ಟಿಗೆ ಸರ್ ಎಂದ. ಅದರ ಮುಂದಿನ ವಾರ ಏಣಿಗೆ ಜೊತೆಯಾಗಿ ಎದೆಯೆತ್ತರಕ್ಕೆ ಪ್ಲಾಸ್ಟಿಕ್ ಕುರ್ಚಿಗಳ ಎರಡು ಕಂಬ ಬಂದವು. ಮೂರನೆಯ ವಾರ ಬೇಕರಿ ಅಜ್ಜಿಯ ಬ್ರೆಡ್ಡಿನ ಅಚ್ಚುಗಳ ಮೂಟೆ. ಮಗ ಅಂಗಡಿ ಮುಚ್ಚಿದ ಮೇಲೆ ಅಜ್ಜಿ ನಲವತ್ತು ವರ್ಷದ ಅಚ್ಚುಗಳನ್ನೂ ಹಿಟ್ಟು ನಾದುವ ಮರದ ತೊಟ್ಟಿಯನ್ನೂ ಒಂಬತ್ತನೆಯ ಕೋಣೆಯಲ್ಲಿ ಇಟ್ಟಿದ್ದಳು. ತುಕ್ಕು ಹಿಡಿಯದಿರಲೆಂದು ಶನಿವಾರಕ್ಕೊಮ್ಮೆ ಬಂದು ಅವಕ್ಕೆ ಎಣ್ಣೆ ಸವರಿ ಹೋಗುತ್ತಿದ್ದಳು. ಅಲ್ಲಿ ಬೆಳಕಿಲ್ಲ, ಇಲ್ಲಿ ಕಿಟಕಿಯಿದೆ ಎಂಬುದು ಅವಳು ಕೊಟ್ಟ ಕಾರಣ. ಶೆಡ್ಡಕ್ಕನೂ ಹಿಂದೆ ಬೀಳಲಿಲ್ಲ, ಎರಡು ಮೂಟೆ ಬಿತ್ತನೆ ಬೀಜ ತಂದು ಒರಗಿಸಿದಳು.

ಗುಮಾಸ್ತ ಯಾರಿಗೂ ಏನೂ ಅನ್ನಲಿಲ್ಲ. ಏನೆಂದು ಅನ್ನಬೇಕು? ನನ್ನ ಕೋಣೆ ಎನ್ನುವಂತಿಲ್ಲ, ಅದು ಕೋಣೆಯೇ ಅಲ್ಲ. ಹೊರಗೆ ಹೋಗಿ ಎನ್ನುವಂತಿಲ್ಲ, ಬೀಗವಿಲ್ಲದ ಜಾಗಕ್ಕೆ ಹೊರಗೆಲ್ಲಿ, ಒಳಗೆಲ್ಲಿ. ಇದ್ದ ಒಂದು ಗಂಟೆ ಕಣ್ಣೆದುರಿಗೇ ಕರಗುತ್ತಿತ್ತು. ಅವನು ಬಾಯಿ ಬಿಟ್ಟು ಸಾಲು ಶುರುಮಾಡುವ ಹೊತ್ತಿಗೇ ಕುರ್ಚಿಯವನು ಬಂದು ಕುರ್ಚಿ ಎಳೆಯುತ್ತಿದ್ದ. ಬಾಗಿಲು ತೆರೆದೇ ಇರಬೇಕಾದ್ದರಿಂದ ದನಿ ತಾನಾಗಿಯೇ ಇಳಿಯುತ್ತಿತ್ತು. ನಾಲ್ಕನೆಯ ವಾರ ಅವನು ಮನೆಯಲ್ಲಿ ಓದುವಂತೆ ತುಟಿಯಲ್ಲೇ ಓದುತ್ತ ಕೂತಿದ್ದ. ಅಜ್ಜಿ ಕಿಟಕಿಯ ಬುಡದಲ್ಲಿ ಅಚ್ಚು ಒರೆಸುತ್ತಿದ್ದಳು.

“ಏನಪ್ಪ ಅದು, ಔಷಧಿ ಚೀಟಿ ಓದಿದ ಹಾಗೆ ಓದ್ತಿದ್ದೀಯ?”

ಪದ್ಯ ಅಂದ.

“ಪದ್ಯಾನಾ? ಪಾಪ. ಅದಕ್ಕೇನಾಗಿದೆ, ಜ್ವರಾನಾ?”

ಅವನಿಗೆ ಸ್ವಲ್ಪ ರೋಷ ಬಂತು. ತನಗಲ್ಲ, ತಂದೆಯ ಪುಸ್ತಕಕ್ಕಾದ ಅವಮಾನ ಅದು ಅನ್ನಿಸಿತು. ಬೆನ್ನು ನೇರ ಮಾಡಿದ. ನೆಲದ ಮೇಲೆ ಅವನ ಬಲಗಾಲು ತಾನಾಗಿ, ಇಲ್ಲದ ಯಂತ್ರವನ್ನು ತುಳಿಯತೊಡಗಿತು. ತಾಯಿ ಮೂರನೆಯ ಊರಿನ ಬಾಗಿಲಿಗೆ ಬಂದಿದ್ದಳು.

“ಬಾಗಿಲೇ ಬಾಗಿಲೇ ತೆರೆಯೆಂದು ಬೇಡಿದಳು ತಾಯಿ,
ಬಾಗಿಲಿಗೆ ಕಿವಿಯುಂಟೆ, ಬೀಗಕ್ಕೆ ಬಾಯಿ?”

ಅಜ್ಜಿಯ ಕೈಯಲ್ಲಿದ್ದ ಚಿಂದಿ ನಿಂತಿತು. ಏಣಿ ತೆಗೆಯಲು ಬಂದ ಕುರ್ಚಿಯವನು ಏಣಿಯ ಒಂದು ಕಾಲನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಎರಡೇ ನಿಮಿಷ, ವ್ಯಾನು ಕಾಯುತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ. ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ವ್ಯಾನಿನ ಡ್ರೈವರು ಹುಡುಕಿಕೊಂಡು ಬಂದು, ಅವನೂ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತ. ಮೂರನೆಯ ಬಾಗಿಲು ತೆರೆದಾಗ ಗಂಟೆ ಮೂರೂಕಾಲು.

“ಮಗ ಸಿಕ್ಕಿದ್ನಾ?” ಎಂದು ಅಜ್ಜಿ ಕೇಳಿದಳು.

“ಇನ್ನೂ ನಾಲ್ಕು ಬಾಗಿಲಿದೆ ಅಜ್ಜಿ.”

“ಹಾಗಾದ್ರೆ ಮುಂದಿನ ವಾರ ಬೇಗ ಬಾ. ನನಗೆ ವಯಸ್ಸಾಯ್ತು, ಏಳೂ ಬಾಗಿಲು ಕಾಯೋಕಾಗಲ್ಲ.”

ಮುಂದಿನ ವಾರ ಅವಳು ಅಚ್ಚುಗಳನ್ನು ತರದೆ ಬರಿಗೈಯಲ್ಲಿ ಬಂದು ಬೀಜದ ಮೂಟೆಯ ಮೇಲೆ ಕೂತಳು. ಶೆಡ್ಡಕ್ಕ ಅವರೆಕಾಯಿಯ ಮೊರ ಹಿಡಿದು ಬಂದಳು. ಕಾಯಿ ಸುಲಿಯಲು ಇಲ್ಲಿ ಗಾಳಿ ಚೆನ್ನಾಗಿದೆಯಂತೆ. ಕುರ್ಚಿಯವನು ತನ್ನ ಕಂಬದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿಕೊಂಡ. ತನ್ನ ಕುರ್ಚಿಯಲ್ಲಿ ತಾನೇ ಕೂತದ್ದು ಇಷ್ಟು ವರ್ಷದಲ್ಲಿ ಅದೇ ಮೊದಲಂತೆ. ಒಮ್ಮೆ ಅವನೇ ಒಂದು ಸಲಹೆ ಕೊಟ್ಟ. ಗುಮಾಸ್ತರ ಮರದ ಕುರ್ಚಿ ನಡುವೆ ತುಂಬ ಜಾಗ ತಿನ್ನುತ್ತದೆ, ಅದನ್ನು ಹೊರಗಿಟ್ಟು ಅವರು ಬಾಗಿಲಲ್ಲಿ ನಿಂತು ಓದಿದರೆ ಒಳಗೆ ಇನ್ನೂ ನಾಲ್ಕು ಮೇಜು ಹಿಡಿಯುತ್ತದೆ ಎಂದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಲೋ, ಒಲೆ ಹೊರಗಿಟ್ಟು ಬ್ರೆಡ್ಡು ಒಳಗೆ ಬೇಯ್ಸೋಕಾಗುತ್ತೇನೋ?”

ಅಂದಿನಿಂದ ಕುರ್ಚಿಯ ಸುತ್ತ ನಾಲ್ಕು ಹೆಜ್ಜೆ ಜಾಗ ಬಿಟ್ಟು ಗೋಡೆಯ ಕಡೆಗೇ ಸಾಮಾನು ಪೇರಿಸಬೇಕೆಂಬ ನಿಯಮ ಬಂತು. ಅದನ್ನು ಯಾರೂ ಬರೆಯಲಿಲ್ಲ. ಎಲ್ಲರೂ ಪಾಲಿಸಿದರು.

ಗುಮಾಸ್ತನಿಗೆ ಮೊದಮೊದಲು ಕಸಿವಿಸಿಯಾಗುತ್ತಿತ್ತು. ಒಬ್ಬನೇ ಓದುವಾಗ ಕೆಲವು ಕಡೆ ಕಣ್ಣೊರೆಸಿಕೊಳ್ಳುತ್ತಿದ್ದ, ಈಗ ಹಾಗೆ ಮಾಡುವಂತಿರಲಿಲ್ಲ. ಆಮೇಲೆ ಆ ಜಾಗ ಬಂದಾಗ ಅಜ್ಜಿಯೇ ಕಣ್ಣೊರೆಸಿಕೊಳ್ಳುವುದನ್ನು ಕಂಡು, ಅದು ನಡೆಯಬೇಕಾದದ್ದು ಹೇಗೋ ನಡೆಯುತ್ತಿದೆಯಲ್ಲ ಎಂದು ಸುಮ್ಮನಾದ. ಹದಿನೆಂಟು ವರ್ಷ ಕೇಳಿದವನು ಅವನು. ಕೇಳುವವರ ಮುಖ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತಂದೆ ಯಂತ್ರದಿಂದ ತಲೆಯೆತ್ತಿ ಆಗಾಗ ಚಿಂದಿ ರಾಶಿಯ ಕಡೆ ಯಾಕೆ ನೋಡುತ್ತಿದ್ದರು ಎಂಬುದು ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಗಂಟೆ ಕರಗಿಹೋಯಿತೆಂದು ಅವನು ಅಂದುಕೊಂಡಿದ್ದ. ಅದು ಬೆಳೆದು ಒಂದೂವರೆ ಗಂಟೆಯಾಗಿತ್ತು. ಹೆಂಡತಿ ಯಾಕಿಷ್ಟು ತಡ ಎಂದು ಕೇಳಿದಳು. ಐದನೆಯ ಬಾಗಿಲು ಗಟ್ಟಿ ಎಂದ.

ತನಿಖೆಯ ದಿನವನ್ನು ಮೊದಲೇ ಹೇಳುವ ಪದ್ಧತಿ ಆ ಕಚೇರಿಯಲ್ಲಿಲ್ಲ. ಹೇಳಿದರೆ ತನಿಖೆ ಹೇಗಾಗುತ್ತದೆ ಎಂದು ಇವನೇ ಹಿಂದೊಮ್ಮೆ ಬರೆದಿದ್ದ. ಹಾಗಾಗಿ ಒಂದು ಶನಿವಾರ ಎರಡೂವರೆಗೆ ಹೊಲದ ದಾರಿಯಲ್ಲಿ ಜೀಪಿನ ಸದ್ದು ಕೇಳಿಸಿದಾಗ ಅವನು ತಾಯಿಯನ್ನು ಆರನೆಯ ಬಾಗಿಲ ಮುಂದೆ ನಿಲ್ಲಿಸಿ, ಪುಸ್ತಕದ ನಡುವೆ ಬೆರಳಿಟ್ಟು ಸುಮ್ಮನಾದ. ಶೆಡ್ಡಕ್ಕ ಮೊರ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು.

ರಜೆಯ ಹೊತ್ತಿನಲ್ಲಿ ತನಿಖೆಯನ್ನು ಯಾರೂ ಎದುರು ನೋಡುವುದಿಲ್ಲವೆಂದು ಸಾಹೇಬರು ಒಬ್ಬರೇ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಮಂಡಿನೋವು, ಮಾತು ಕಡಿಮೆ, ಎಣಿಕೆ ಮಾತ್ರ ಕಟ್ಟುನಿಟ್ಟು. ಸೀಮೆಸುಣ್ಣದ ತುಂಡು ಹಿಡಿದು ಒಂದೊಂದು ಬೀಗದ ಕೆಳಗೂ ಗೀಟು ಎಳೆಯುತ್ತ ಬಂದರು. ಒಳಗೆ ಕೂತವರಿಗೆ ಗೀಟಿನ ಕಿರ್ ಸದ್ದು ಹತ್ತಿರ ಹತ್ತಿರ ಬರುವುದು ಕೇಳುತ್ತಿತ್ತು. ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದಳು. ಹನ್ನೆರಡನೆಯ ಗೀಟಾದ ಮೇಲೆ ಸದ್ದು ನಿಂತಿತು. ಆಮೇಲೆ ಸಾಹೇಬರ ನೆರಳು ಬಾಗಿಲಲ್ಲಿ ಬಿತ್ತು.

ಅವರು ಬಾಗಿಲ ಚಿಲಕ ನೋಡಿದರು. ಚಿಲಕದಲ್ಲಿ ಬೀಗವಿರಬೇಕಾದ ಜಾಗ ನೋಡಿದರು. ಸೀಮೆಸುಣ್ಣ ಎತ್ತಿದರು, ಇಳಿಸಿದರು. ಆಮೇಲೆ ಒಳಗೆ ಕೂತವರನ್ನು ನೋಡಿ, ಕೊನೆಗೆ ತಮ್ಮ ಗುಮಾಸ್ತನನ್ನು ಕಂಡರು.

ಅವನು ಎದ್ದು ನಿಂತು ನಮಸ್ಕಾರ ಮಾಡಿದ. ಶನಿವಾರ ಮಧ್ಯಾಹ್ನ ರಜೆ ಸರ್ ಎಂದ. ಕೇಳದ ಪ್ರಶ್ನೆಗೆ ಕೊಟ್ಟ ಆ ಉತ್ತರವನ್ನು ಸಾಹೇಬರು ಒಪ್ಪಿಕೊಂಡು ತಲೆಯಾಡಿಸಿದರು. ಇದು ಯಾರ ಜಾಗ ಎಂದು ಶೆಡ್ಡಕ್ಕನನ್ನು ಕೇಳಿದರು. ಬಾಡಿಗೆಗೆ ಕೊಟ್ಟಿಲ್ಲ, ಬೀಗ ಇಲ್ಲ, ಬಂದವರು ಕೂತುಕೊಳ್ಳುತ್ತಾರೆ, ಇಟ್ಟವರು ಇಟ್ಟುಕೊಳ್ಳುತ್ತಾರೆ ಎಂದಳು. ಸಾಹೇಬರು ನಿಯಮದ ಪ್ರತಿ ತೆಗೆದು, ಬೀಗದ ಸಾಲಿದ್ದ ಕಲಂ ಏಳನ್ನು ಓದಿದರು. ಎರಡು ಸಲ ಓದಿದರು. ನಂತರ ಕನ್ನಡಕ ತೆಗೆದು, ಇದಕ್ಕೆ ನಿಯಮದಲ್ಲಿ ಮಾತೇ ಇಲ್ಲ ಎಂದು ಹೇಳಿ, ನಮೂನೆಯಲ್ಲಿ ಹನ್ನೆರಡು ಎಂದು ಬರೆದು ಸಹಿ ಹಾಕಿದರು. ಶೆಡ್ಡಕ್ಕ ಬಿಟ್ಟ ಉಸಿರು ಎಲ್ಲರಿಗೂ ಕೇಳಿಸಿತು. ಕುರ್ಚಿಯವನು ಸಂತೋಷಕ್ಕೆ ಸಾಹೇಬರಿಗೊಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಟ್ಟ.

ಅವರು ಕೂತು ಮಂಡಿ ತಿಕ್ಕಿಕೊಂಡರು. ಹಾಗೇ ಸುತ್ತ ಕಣ್ಣಾಡಿಸಿದರು. ಗೋಡೆಗಳಿಗೆ ಒತ್ತಿ ಪೇರಿಸಿದ ಸಾಮಾನು, ನಡುವೆ ಮರದ ಕುರ್ಚಿ, ಕುರ್ಚಿಯ ಸುತ್ತ ಗುಡಿಸಿಟ್ಟ ನಾಲ್ಕು ಹೆಜ್ಜೆ ನೆಲ.

“ಇಷ್ಟು ಜಾಗ ಸುಮ್ನೆ ಬಿಟ್ಟಿದ್ದೀರಲ್ಲ,” ಅಂದರು.

ಸಾಹೇಬರು ಯೋಚಿಸುತ್ತ ಯೋಚಿಸುತ್ತ ಗುಮಾಸ್ತನೊಡನೆ ಮಾತಾಡತೊಡಗಿದರು. ಕಚೇರಿಯ ಫೈಲುಗಳ ಅವಸ್ಥೆ ನಿಮಗೆ ಗೊತ್ತೇ ಇದೆ. ಎರಡು ಕೋಣೆ ತುಂಬಿ ಮೂರನೆಯದಕ್ಕೂ ಬಂದಿವೆ, ಅವುಗಳಿಂದಾಗಿ ನಿಮ್ಮ ಮೇಜು ಆರು ವರ್ಷದಿಂದ ನಡೆಯುವ ದಾರಿಯಲ್ಲಿದೆ, ಹೋಗುವವರು ಬರುವವರೆಲ್ಲ ನಿಮ್ಮ ಶಾಯಿ ಕುಪ್ಪಿಗೆ ಕೈ ತಾಗಿಸಿಕೊಂಡೇ ಹೋಗುತ್ತಾರೆ. ಹೊಸ ಉಗ್ರಾಣಕ್ಕೆ ಮೇಲಿನವರು ಮಂಜೂರಾತಿ ಕೊಡುತ್ತಿಲ್ಲ. ಇಲ್ಲಿ ಹಾಗಲ್ಲ, ಇದು ಕೊಠಡಿಯೇ ಅಲ್ಲ, ಯಾರ ಮಂಜೂರಾತಿಯೂ ಬೇಡ. ಈ ನಡುವಿನ ಜಾಗ ಒಂದಿದ್ದರೆ ಹಳೆ ಫೈಲುಗಳೆಲ್ಲ ಸೂರು ಮುಟ್ಟುವವರೆಗೆ ಹಿಡಿಯುತ್ತವೆ. ಸೋಮವಾರವೇ ಲಾರಿ ಕಳಿಸಬಹುದು. ಮಂಗಳವಾರ ನಿಮ್ಮ ಮೇಜು ಒಳಗೆ, ಫ್ಯಾನಿನ ಕೆಳಗೆ.

ಅವರು ಶೆಡ್ಡಕ್ಕನ ಕಡೆ ತಿರುಗಿ ಏನಮ್ಮ ಎಂದರು.

“ಸಾಮಾನು ಬೇಕಾದ್ರೆ ನಾವು ತೆಗೀತೀವಿ ಸ್ವಾಮಿ,” ಅಂದಳು. “ಆ ನಾಲ್ಕು ಹೆಜ್ಜೆ ಮಾತ್ರ ನನ್ನ ಕೇಳ್ಬೇಡಿ. ಅದು ಅವರದು.”

ಎಲ್ಲರೂ ಗುಮಾಸ್ತನ ಕಡೆ ನೋಡಿದರು. ಅವನು ಇನ್ನೂ ನಿಂತೇ ಇದ್ದ, ಬೆರಳು ಪುಸ್ತಕದೊಳಗೆ ಇತ್ತು. ಬೆರಳಿದ್ದ ಹಾಳೆಯಲ್ಲಿ ತಾಯಿ ದೀಪ ಹಿಡಿದು ಆರನೆಯ ಬಾಗಿಲು ತಟ್ಟಲು ಕೈ ಎತ್ತಿದ್ದಳು. ಫ್ಯಾನಿನ ಗಾಳಿ ಹೇಗಿರುತ್ತದೆಂದು ಅವನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಬೇಸಿಗೆಯಲ್ಲಿ ಅವನ ಮೇಜಿದ್ದ ಕಚೇರಿಯ ದಾರಿ ಕಾದ ಹೆಂಚು.

“ನೀವೇ ಹೇಳಿ,” ಅಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಜ್ಞೆಯೂ ಇರಲಿಲ್ಲ. “ನಿಮಗೂ ಅನುಕೂಲ, ಕಚೇರಿಗೂ ಅನುಕೂಲ. ಈ ಕುರ್ಚಿ ಒಂದು ತೆಗೆದುಬಿಡಿ. ಕೊಡ್ತೀರಿ ತಾನೇ?”

ಗುಮಾಸ್ತ ಕುರ್ಚಿಯಲ್ಲಿ ಕೂತ. ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡ.

“ಇಲ್ಲ ಸರ್,” ಅಂದ. “ಕೊಡಲ್ಲ.”